ತೂತಿನ ಎರಡು ಪೈ

ಬೀದರ, ಭಾಲ್ಕಿ, ಔರಾದ ಕಡೆಯ ಹಳೆಯ ಮನೆಗಳಲ್ಲಿ ಟ್ರಂಕಿನ ತಳ ತಡಕಿದರೆ ನಡುವೆ ತೂತಿರುವ ಕಂಚಿನ ಬಿಲ್ಲೆಯೊಂದು ಸಿಕ್ಕೀತು. ಹೈದರಾಬಾದ್ ನಿಜಾಮರ ಹಣವಾದ ಹಾಲಿ ಸಿಕ್ಕಾದ ಎರಡು ಪೈ ಅದು. ರೂಪಾಯಿಗೆ 192 ಪೈ. ಅಂದರೆ ಇಂಥ 96 ಬಿಲ್ಲೆ ಕೂಡಿದರೆ ಒಂದು ರೂಪಾಯಿ. ಚಾರ್‌ಮಿನಾರಿನ ಬೆಳ್ಳಿ ರೂಪಾಯಿಯನ್ನು ಎಲ್ಲರೂ ಮೆಚ್ಚುತ್ತಾರೆ. ಕಸುಬಿನ ಮಾತು ಬಂದರೆ ನನ್ನ ಒಲವು ಈ ಬಡ ನಾಣ್ಯದ ಕಡೆಗೆ.

ಇದು ಹುಟ್ಟಿದ್ದು ಹೈದರಾಬಾದಿನ ಸೈಫಾಬಾದ್ ಟಂಕಸಾಲೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಲೋಹಕ್ಕೆ ಬರ ಬಂದಾಗ ನಾಣ್ಯ ಕಿರಿದಾಯಿತು, ನಡುವೆ ತೂತು ಬಿತ್ತು. ಬ್ರಿಟಿಷರ ಪೈಸೆಗೂ ಆಗ ಇದೇ ಗತಿ. ಅಕ್ಷರಗಳಿಗೆ ಉಳಿದದ್ದು ತೂತಿನ ಸುತ್ತಲ ಇಕ್ಕಟ್ಟು ಜಾಗ ಮಾತ್ರ. ಉರ್ದು ಬಲದಿಂದ ಎಡಕ್ಕೆ ಓಡುವ ಲಿಪಿ. ಉಕ್ಕಿನ ಅಚ್ಚಿನಲ್ಲಿ ಅದು ತಿರುವುಮುರುವಾಗಿ, ಎಡದಿಂದ ಬಲಕ್ಕೆ, ಗುಳಿಬಿದ್ದು ನಿಲ್ಲಬೇಕು. ಆಗಲೇ ಕಂಚಿನ ಮೇಲೆ ನೆಟ್ಟಗೆ ಉಬ್ಬಿ ಏಳುತ್ತದೆ. ನಿಜಾಮರ ಬಿರುದನ್ನು ಹೆಣೆದ ತುಘ್ರಾದಲ್ಲಿ ನೀಳ ಗೆರೆಗಳೂ ಬಾಗುಗಳೂ ಒಂದರೊಳಗೊಂದು ಹೊಕ್ಕಿರುತ್ತವೆ. ತೂತು ಕೂದಲೆಳೆಯಷ್ಟು ಸರಿದರೂ ಅಕ್ಷರ ತುಂಡಾಗುತ್ತದೆ. 96ಕ್ಕೆ ಒಂದು ರೂಪಾಯಿ ಆಗುವ ಬಿಲ್ಲೆಗೆ ಇಷ್ಟು ಶ್ರದ್ಧೆ!

ಈಗ ಇಸವಿ ನೋಡಿ. ಉರ್ದುವಿನ ಎಂಟು ಮನೆಯ ಮಾಡಿನಂತೆ ಮೇಲೆ ಚೂಪು. ಏಳು ಅದರ ತಲೆಕೆಳಗು. ಕೊನೆಯ ಅಂಕಿ ಎಂಟಿದ್ದರೆ ಅದು ಹಿಜರಿ 1368. ಆ ವರ್ಷ ಶುರುವಾದದ್ದು 1948ರ ನವೆಂಬರಿನಲ್ಲಿ. ಅಷ್ಟರಲ್ಲಿ ಸಂಸ್ಥಾನ ಮುಗಿದಿತ್ತು. ಅದೇ 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಿಜಾಮರ ಪರದ ಸಶಸ್ತ್ರ ಪಡೆಯಾದ ರಜಾಕಾರರು ಹತ್ಯಾಕಾಂಡ ನಡೆಸಿದ್ದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮರು ಶರಣಾದರು. ಆ ಬಳಿಕ ಮುಸ್ಲಿಮರ ಮೇಲೆ ನಡೆದ ಹತ್ಯೆಗಳಲ್ಲಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ಭಾರತ ಸರ್ಕಾರ ಕಳುಹಿಸಿದ ಸುಂದರಲಾಲ್ ಸಮಿತಿ ಬರೆಯಿತು. ಅದನ್ನು ಬಿಟ್ಟು ಈ ನಾಣ್ಯದ ಕಥೆ ಹೇಳಲಾಗದು.

 ಮುಗಿದ ಆ ಸಂಸ್ಥಾನದ ಕೊನೆಯ ಗುರುತು ಈ ಎರಡು ಪೈ. ರಾಜ್ಯ ಹೋದರೂ ಸಂತೆ ನಿಲ್ಲಲಿಲ್ಲ, ಚಿಲ್ಲರೆ ಬೇಕೇ ಬೇಕಿತ್ತು. ಏಳು ಹಾಲಿಗೆ ಆರು ಕಲ್ದಾರ್ (ಬ್ರಿಟಿಷ್ ಇಂಡಿಯಾದ ರೂಪಾಯಿ) ಎಂಬ ಲೆಕ್ಕದಲ್ಲಿ ನೂರು ಕಲ್ದಾರಿಗೆ ಹಾಲಿಯಲ್ಲಿ 116 ರೂಪಾಯಿ 10 ಆಣೆ 8 ಪೈ. ಆ ಎಂಟು ಪೈಗೆ ಇಂಥ ನಾಲ್ಕು ಬಿಲ್ಲೆ. ಹಾಲಿ ಸಿಕ್ಕಾ ಪೂರ್ತಿ ರದ್ದಾದದ್ದು 1959ರಲ್ಲಿ.

ನಿಮ್ಮ ಮನೆಯಲ್ಲಿ ಇದ್ದರೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಆ ಕಂದು ಬಣ್ಣವೇ ಕಂಚಿನ ಕಾಪು; ಹುಳಿ ತಾಗಿದರೆ ಅದರ ಜೊತೆ ಇಸವಿಯೂ ಸವೆಯುತ್ತದೆ. ಒಣ ಹತ್ತಿಬಟ್ಟೆಯಿಂದ ಧೂಳು ಒರೆಸಿ, ಕಾಗದದಲ್ಲಿ ಸುತ್ತಿಟ್ಟರೆ ಸಾಕು.