ಕೂಸಿನ ಕಿವಿ ಮಾತು ಕಲಿಯುವ ಬಗೆ

ಹತ್ತಿ ಬೇರೆ, ಹಟ್ಟಿ ಬೇರೆ. ತಕಾರ ಟಕಾರಗಳ ಈ ಅಂತರ ಕನ್ನಡ ಕೇಳಿ ಬೆಳೆದ ಕಿವಿಗೆ ತಾನಾಗಿ ತಿಳಿಯುತ್ತದೆ. ಇಂಗ್ಲಿಷನ್ನಷ್ಟೇ ಕೇಳಿ ಬೆಳೆದ ಹೆಚ್ಚಿನವರಿಗೆ ಎರಡೂ ಒಂದೇ ಸದ್ದು. ಆದರೆ ಈ ಕೊರತೆ ಹುಟ್ಟಿನಿಂದ ಬಂದದ್ದಲ್ಲ. ಕೆನಡಾದ ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತೋರಿಸಿಕೊಟ್ಟಿತು.

ಇಂಗ್ಲಿಷ್ ಮಾತಾಡುವ ಮನೆಗಳ ಶಿಶುಗಳಿಗೆ ಅವರು ಹಿಂದಿಯ ಈ ಎರಡು ಧ್ವನಿಗಳನ್ನು ಕೇಳಿಸಿದರು. ಕೂಸು ದೊಡ್ಡವರ ತೊಡೆಯ ಮೇಲೆ ಕೂತಿರುತ್ತದೆ. ಸ್ಪೀಕರಿನಿಂದ ಒಂದೇ ಉಚ್ಚಾರ ಮತ್ತೆ ಮತ್ತೆ ಬರುತ್ತಿರುತ್ತದೆ. ಧ್ವನಿ ಬದಲಾದಾಗ ಕೂಸು ಅತ್ತ ತಲೆ ತಿರುಗಿಸಿದರೆ, ಪೆಟ್ಟಿಗೆಯೊಳಗಿನ ಆಟಿಕೆ ಪ್ರಾಣಿಯ ಮೇಲೆ ಬೆಳಕು ಬಿದ್ದು ಅದು ಅಲುಗಾಡುತ್ತದೆ. ಮಾತು ಬಾರದ ಮಗುವಿಗೆ ಪ್ರಶ್ನೆ ಕೇಳುವ ಜಾಣ ಉಪಾಯವಿದು. 6ರಿಂದ 8 ತಿಂಗಳ ಬಹುಪಾಲು ಶಿಶುಗಳು ವ್ಯತ್ಯಾಸ ಗುರುತಿಸಿದವು. 10ರಿಂದ 12 ತಿಂಗಳವರಲ್ಲಿ ಗುರುತಿಸಿದವರು ಕೆಲವರೇ. ಹಿಂದಿ ಮನೆಗಳ ಶಿಶುಗಳಲ್ಲಿ ಮಾತ್ರ ವರ್ಷ ತುಂಬುವ ಹೊತ್ತಿಗೂ ಆ ಶಕ್ತಿ ಉಳಿದಿತ್ತು. ಮಿದುಳು ಸುತ್ತಲಿನ ಭಾಷೆಗೆ ಬೇಕಾದ ಭೇದಗಳನ್ನು ಗಟ್ಟಿ ಮಾಡಿಕೊಂಡು, ಬೇಡದವನ್ನು ಬದಿಗಿಡುತ್ತದೆ. ಬದಿಗಿಟ್ಟದ್ದು ಪೂರ್ತಿ ಅಳಿದುಹೋಗುವುದಿಲ್ಲ. ದೊಡ್ಡವರಾದ ಮೇಲೂ ಅಭ್ಯಾಸದಿಂದ ಒಂದಿಷ್ಟು ಮರಳಿ ಪಡೆಯಬಹುದು.

ಹಾಗಾದರೆ ಆ ವಯಸ್ಸಿನಲ್ಲಿ ಭಾಷೆ ಕಿವಿಗೆ ಬಿದ್ದರೆ ಸಾಕೇ? ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2003ರಲ್ಲಿ ಉತ್ತರ ಕೊಟ್ಟಿತು. ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳೊಂದಿಗೆ ಚೀನದ ಮ್ಯಾಂಡರಿನ್ ಭಾಷಿಕರು ನೆಲದ ಮೇಲೆ ಕೂತು, ಪುಸ್ತಕ ಓದಿ, ಆಟಿಕೆ ತೋರಿಸಿ ಮಾತಾಡಿದರು. ಸುಮಾರು 25 ನಿಮಿಷಗಳ 12 ಭೇಟಿಗಳಷ್ಟೇ. ಕೊನೆಯಲ್ಲಿ ಈ ಶಿಶುಗಳು ಮ್ಯಾಂಡರಿನ್ ಧ್ವನಿಭೇದವನ್ನು ತೈವಾನಿನ ಓರಗೆಯ ಮಕ್ಕಳಷ್ಟೇ ಚೆನ್ನಾಗಿ ಹಿಡಿದವು. ಅದೇ ಮಾತು, ಅದೇ ಆಟವನ್ನು ಟಿವಿ ಪರದೆಯಲ್ಲಿ ನೋಡಿದ ಗುಂಪು ಏನೂ ಕಲಿಯಲಿಲ್ಲ. ಬರೀ ಧ್ವನಿ ಕೇಳಿದ ಗುಂಪಿನದೂ ಅದೇ ಕಥೆ. ಶಿಶುಗಳ ಹೆಸರಲ್ಲಿ ಮಾರಾಟವಾಗುವ ವಿಡಿಯೊಗಳ ಬಗ್ಗೆ ಅನುಮಾನಪಡಲು ಇಷ್ಟು ಸಾಕು.

ಎದುರಿಗಿರುವ ಮನುಷ್ಯರಲ್ಲಿ ಅಂಥದ್ದೇನಿದೆ? ಮುಖ್ಯವಾದದ್ದು ಮಾರುತ್ತರ, ಅದೂ ತಕ್ಕ ಹೊತ್ತಿಗೆ. ಮೈಕಲ್ ಗೋಲ್ಡ್‌ಸ್ಟೀನ್ ತಂಡ ಅದೇ 2003ರಲ್ಲಿ ಎಂಟು ತಿಂಗಳ ಶಿಶುಗಳ ತೊದಲನ್ನು ಪರೀಕ್ಷಿಸಿತು. ಕೂಸು ಸದ್ದು ಮಾಡಿದ ಕೂಡಲೇ ಕೆಲವು ತಾಯಂದಿರು ನಕ್ಕು, ಹತ್ತಿರ ಸರಿದು, ಮುಟ್ಟಿದರು. ಉಳಿದವರು ಅಷ್ಟೇ ಸಲ, ಆದರೆ ಕೂಸಿನ ಸದ್ದಿಗೆ ಸಂಬಂಧವಿಲ್ಲದ ಹೊತ್ತಿನಲ್ಲಿ ಹಾಗೆ ಮಾಡಿದರು. ಮುದ್ದು ಎರಡೂ ಕಡೆ ಸಮ. ಆದರೂ ಮೊದಲ ಗುಂಪಿನ ಶಿಶುಗಳ ತೊದಲು ಮಾತ್ರ ಅಲ್ಲೇ, ಆ ಕೆಲ ನಿಮಿಷಗಳಲ್ಲೇ, ಮಾತಿನ ಉಚ್ಚಾರಕ್ಕೆ ಹತ್ತಿರವಾಯಿತು.

ಪರದೆಯನ್ನೂ ಈ ದೃಷ್ಟಿಯಿಂದಲೇ ಅಳೆಯಬೇಕು. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎರಡು ವರ್ಷ ದಾಟಿದ ಮಕ್ಕಳು ವಿಡಿಯೊ ಕರೆಯಲ್ಲಿ ತಮಗೆ ಉತ್ತರಿಸುತ್ತಿದ್ದವರಿಂದ ಹೊಸ ಕ್ರಿಯಾಪದಗಳನ್ನು ಕಲಿತರು. ಮುದ್ರಿಸಿದ ವಿಡಿಯೊದಿಂದ ಕಲಿಯಲಿಲ್ಲ. ಒಂಬತ್ತು ತಿಂಗಳ ಕೂಸಿಗೂ ಕರೆ ಅಷ್ಟೇ ಪ್ರಯೋಜನಕಾರಿ ಎಂದು ಮಾತ್ರ ಇದರಿಂದ ಹೇಳಲಾಗದು.