ಶಿಲಾರಾಳದಲ್ಲಿ ಸಿಕ್ಕ ಹುಳು, ಕಬ್ಬಿನ ತರಗಿನ ಪಾಠ



ಕಿಕ್ಕೇರಿಯ ಸುತ್ತಮುತ್ತ ಕಬ್ಬು ಕಡಿದ ಗದ್ದೆಯಲ್ಲಿ ತರಗಿಗೆ ಬೆಂಕಿ ಇಡುವ ಮೊದಲು, ಬದುವಿನ ಒಂದು ತೇವದ ಕಲ್ಲನ್ನು ಎತ್ತಿ ನೋಡಿ. ಅಕ್ಕಿಕಾಳಿನಷ್ಟು ದೊಡ್ಡದಾದ, ಬೂದುಬಣ್ಣದ, ಮೈಮೇಲೆ ಪದರಪದರವಾದ ಚಿಪ್ಪಿರುವ ಜೀವಿಯೊಂದು ಕತ್ತಲೆಗೆ ಓಡುವುದು ಕಂಡೀತು. ಕೆಲವು ಜಾತಿಗಳು ಮುಟ್ಟಿದೊಡನೆ ಉಂಡೆಯಾಗುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ವುಡ್‌ಲೌಸ್ ಎನ್ನುತ್ತಾರೆ. ಕಾಲುಗಳನ್ನು ಎಣಿಸಿ, ಏಳು ಜೊತೆ ಇರುತ್ತವೆ. ಇದು ಕೀಟವಲ್ಲ, ಏಡಿ, ಸೀಗಡಿಗಳ ನೆಂಟ. ಕಿವಿರಿನಂಥ ಅಂಗಗಳಿಂದ ಉಸಿರಾಡುವುದರಿಂದ ತೇವವಿಲ್ಲದೆ ಬಾಳಲಾರದು.

ಈ ಬಡಜೀವಿಯ ವಂಶ ಎಷ್ಟು ಹಳೆಯದು? ಮರದಿಂದ ಒಸರಿದ ಅಂಟು ಕೆಳಗಿನ ತರಗೆಲೆಯ ಮೇಲೆ ಬಿದ್ದಾಗ ಅಲ್ಲಿದ್ದ ಹುಳುಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಅಂಟು ಮಣ್ಣಿನಲ್ಲಿ ಹೂತು, ಗಟ್ಟಿಯಾಗಿ ಶಿಲಾರಾಳ, ಅಂದರೆ ಅಂಬರ್ ಆಗುತ್ತದೆ. ಮ್ಯಾನ್ಮಾರಿನ ಹುಕಾಂಗ್ ಕಣಿವೆಯ ಅಂಬರಿನಲ್ಲಿ ಈ ಜೀವಿಗಳು ಸಿಕ್ಕಿವೆ. ಅದರ ವಯಸ್ಸು ಸುಮಾರು 9 ಕೋಟಿ 90 ಲಕ್ಷ ವರ್ಷ. ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿ ಕಟ್ಟಿದ್ದು 1171ರಲ್ಲಿ. ಗುಡಿಯ ಆಯುಸ್ಸನ್ನು ಒಂದು ಲಕ್ಷ ಸಲ ಒಂದರ ಹಿಂದೊಂದು ಜೋಡಿಸಿದರೂ ಆ ಕಾಲ ಮುಟ್ಟುವುದಿಲ್ಲ! ಆದರೂ ಅಂದಿನ ಜೀವಿಯ ಆಕಾರ ಇಂದು ನಿಮ್ಮ ಕಲ್ಲಿನಡಿ ಇರುವುದನ್ನೇ ಬಹುಮಟ್ಟಿಗೆ ಹೋಲುತ್ತದೆ.

ನಮ್ಮ ಜಿಲ್ಲೆಯ ಬಂಡೆಗಳು ಪ್ರಾಣಿಗಳು ಹುಟ್ಟುವುದಕ್ಕೂ ಬಹು ಹಿಂದಿನವು; ಅವುಗಳಲ್ಲಿ ಇಂಥ ಪಳೆಯುಳಿಕೆ ಸಿಗದು. ನಮ್ಮ ದೇಶದಲ್ಲಿ ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ 5 ಕೋಟಿ ವರ್ಷಕ್ಕೂ ಹಳೆಯ ಅಂಬರ್ ದೊರೆತಿದೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇರುವೆ, ಗೆದ್ದಲು, ಜೇನ್ನೊಣಗಳ ಬಂಧುಗಳೂ ಸೇರಿ 700ಕ್ಕೂ ಹೆಚ್ಚು ಜೀವಿಗಳು ಅದರಲ್ಲಿ ಕಂಡುಬಂದವು. ಆ ಅಂಟು ಸುರಿಸಿದ ಮರಗಳು ನಮ್ಮ ಮಲೆನಾಡಿನ ಧೂಪದ ಮರದ ಕುಟುಂಬಕ್ಕೆ ಸೇರಿದವು.

ಇದರಿಂದ ಬೇಸಾಯಗಾರನಿಗೇನು ಎಂದು ಕೇಳಬಹುದು. ಉದುರಿದ ಎಲೆಯನ್ನು ಕೊರೆದು ಚೂರುಮಾಡುವುದು ಈ ಜೀವಿಗಳ ಕೆಲಸ. ಆ ಚೂರು ಮತ್ತು ಹಿಕ್ಕೆಗಳ ಮೇಲೆ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಬೆಳೆದು ಪೋಷಕಾಂಶವನ್ನು ಬೇರಿಗೆ ಒದಗಿಸುತ್ತವೆ. ಎರೆಹುಳು ಅದನ್ನು ಮಣ್ಣಿಗೆ ಬೆರೆಸುತ್ತದೆ. ಇದು ಕೋಟ್ಯಂತರ ವರ್ಷಗಳಿಂದ ಕೂಲಿಯಿಲ್ಲದೆ ನಡೆದುಬಂದ ದುಡಿಮೆ. ಒಂದು ಕಡ್ಡಿ ಬೆಂಕಿಯಿಂದ ಅದು ಒಂದೇ ಸಂಜೆಗೆ ನಿಲ್ಲುತ್ತದೆ. ಎಕರೆಗೆ 3ರಿಂದ 4 ಟನ್ ಬರುವ ತರಗಿನಲ್ಲಿರುವ ಸಾರಜನಕವೂ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಆಮೇಲೆ ಅದನ್ನೇ ಚೀಲದ ಲೆಕ್ಕದಲ್ಲಿ ಕೊಂಡು ತರಬೇಕು.

ಆದ್ದರಿಂದ ಕೂಳೆ ಬೆಳೆಯಲ್ಲಿ ಹೀಗೆ ಮಾಡಿ:

1. ತರಗನ್ನು ಸುಡದೆ, ಸಾಲು ಬಿಟ್ಟು ಸಾಲಿನಲ್ಲಿ ಹರಡಿ.

2. ಬೇಗ ಕಳಿಯಲು ಸ್ವಲ್ಪ ಯೂರಿಯಾ ಮತ್ತು ಸಗಣಿ ಬಗ್ಗಡ ಎರಚಿ ನೀರು ಹಾಯಿಸಿ.

3. ಅಗತ್ಯವಿಲ್ಲದೆ ಮಣ್ಣಿಗೆ ಕೀಟನಾಶಕ ಹಾಕಬೇಡಿ.

4. ತೇವ ಹೆಚ್ಚಾದ ಸಸಿಮಡಿಯಲ್ಲಿ ಈ ಜೀವಿಗಳು ಎಳೆ ಸಸಿಯನ್ನು ಕಡಿಯಬಹುದು. ಅಲ್ಲಿ ಮಾತ್ರ ಕಸ ತೆಗೆದು ಮಡಿ ಆರಲು ಬಿಡಿ.

ಫಲ ಕಾಣಬೇಕೆ? ಸುಟ್ಟ ಹೊಲದಲ್ಲೊಂದು, ತರಗು ಹರಡಿದ ಹೊಲದಲ್ಲೊಂದು ಒದ್ದೆ ಗೋಣಿಚೀಲವನ್ನು ಸಂಜೆ ಹಾಸಿ, ಬೆಳಗ್ಗೆ ಎತ್ತಿ ಎಣಿಸಿ. ಯಾವ ಹೊಲದ ಮಣ್ಣಿಗೆ ಜೀವವಿದೆಯೆಂದು ಚೀಲದಡಿಯ ಲೆಕ್ಕವೇ ಹೇಳುತ್ತದೆ.