ಟೋನ್‌ಆರ್ಮ್ ಜೋಡಣೆ: ರಂಧ್ರ ಕೊರೆಯುವ ಮುನ್ನ

ಗ್ರಾಮಫೋನ್ ತಟ್ಟೆಗಳ ಕಾಲ ಮುಗಿಯಿತೆಂದು ಭಾವಿಸಿದ್ದವರ ಲೆಕ್ಕಾಚಾರ ತಪ್ಪಾಗಿದೆ. ಅಮೆರಿಕದಲ್ಲಿ 2020ರಲ್ಲಿ ವಿನೈಲ್ ತಟ್ಟೆಗಳ ಮಾರಾಟದ ಮೌಲ್ಯವು ಸಿ.ಡಿ.ಗಳ ಮಾರಾಟವನ್ನು ಮೀರಿತು. 1980ರ ದಶಕದ ತರುವಾಯ ಹೀಗಾದುದು ಅದೇ ಮೊದಲು. ಜಪಾನಿನ ಟೆಕ್ನಿಕ್ಸ್ ಸಂಸ್ಥೆಯು 2010ರಲ್ಲಿ ನಿಲ್ಲಿಸಿದ್ದ ಎಸ್‌ಎಲ್-1200 ಟರ್ನ್‌ಟೇಬಲ್‌ನ ತಯಾರಿಕೆಯನ್ನು 2016ರಲ್ಲಿ ಪುನರಾರಂಭಿಸಿತು. ಟರ್ನ್‌ಟೇಬಲ್‌ನ ಪೀಠವನ್ನು, ಅಂದರೆ ಪ್ಲಿಂತನ್ನು, ಸಿದ್ಧಪಡಿಸುವುದು ಮರಗೆಲಸ ಮತ್ತು ಲೋಹಗೆಲಸದ ಸಣ್ಣ ಘಟಕಗಳಿಗೂ ಸಾಧ್ಯವಿರುವ ಕೆಲಸ. ಆದರೆ ಇದರ ಲಾಭ-ನಷ್ಟವನ್ನು ನಿರ್ಧರಿಸುವುದು ಒಂದೇ ಒಂದು ರಂಧ್ರ: ಟೋನ್‌ಆರ್ಮ್ ಕೂರುವ ರಂಧ್ರ.

ತೋಳು ಓರೆಯಾಗಿರುವುದೇಕೆ?

ತಟ್ಟೆಯನ್ನು ಮುದ್ರಿಸುವಾಗ ಕೊರೆಯುವ ಉಪಕರಣವು ಅಂಚಿನಿಂದ ಕೇಂದ್ರದ ಕಡೆಗೆ ನೇರ ರೇಖೆಯಲ್ಲಿ ಚಲಿಸುತ್ತದೆ. ಟೋನ್‌ಆರ್ಮ್ ಮಾತ್ರ ಒಂದು ತುದಿಯಲ್ಲಿ ತಿರುಗಣೆಗೆ (ಪಿವಟ್) ಬಂಧಿತವಾಗಿರುವುದರಿಂದ ಕಮಾನಿನ ಆಕಾರದಲ್ಲಿ ಚಲಿಸುತ್ತದೆ. ಈ ವ್ಯತ್ಯಾಸದಿಂದ ಮುಳ್ಳು ಜಾಡಿಗೆ ಓರೆಯಾಗಿ ಕೂತು ಧ್ವನಿ ಕೆಡುತ್ತದೆ. ಪರಿಹಾರ ಎರಡು: ತೋಳಿನ ತುದಿಯನ್ನು ಒಳಕ್ಕೆ ಬಾಗಿಸುವುದು ಹಾಗೂ ಮುಳ್ಳು ಸ್ಪಿಂಡಲನ್ನು ದಾಟಿ ತುಸು ಮುಂದೆ ಹೋಗುವಂತೆ ತೋಳನ್ನು ನಿಲ್ಲಿಸುವುದು. ಈ ಮುಂಚಾಚಿಗೆ ಓವರ್‌ಹ್ಯಾಂಗ್ ಎಂದು ಹೆಸರು. 1938ರಲ್ಲಿ ಲೋಫ್‌ಗ್ರೆನ್ ಮತ್ತು 1941ರಲ್ಲಿ ಬೇರ್‌ವಾಲ್ಡ್ ಇದರ ಗಣಿತವನ್ನು ವಿವರಿಸಿದರು. ಅದರಂತೆ ಜೋಡಿಸಿದ ತೋಳಿನ ಮುಳ್ಳು ಕೇಂದ್ರದಿಂದ ಸುಮಾರು 66 ಮತ್ತು 121 ಮಿ.ಮೀ. ದೂರದಲ್ಲಿ ಜಾಡಿಗೆ ಕರಾರುವಾಕ್ಕಾಗಿ ಹೊಂದುತ್ತದೆ. ಉಳಿದೆಡೆ ದೋಷ ಅಲ್ಪವಾಗಿರುತ್ತದೆ.

ಮುಖ್ಯ ಅಳತೆ

ಸ್ಪಿಂಡಲಿನ ಮಧ್ಯಬಿಂದುವಿನಿಂದ ತಿರುಗಣೆಯ ಮಧ್ಯಬಿಂದುವಿನವರೆಗಿನ ದೂರವೇ ಇಲ್ಲಿ ಮುಖ್ಯ. ಇದು ಎಲ್ಲ ತೋಳುಗಳಿಗೂ ಒಂದೇ ಅಲ್ಲ. ಟೆಕ್ನಿಕ್ಸ್ ಎಸ್‌ಎಲ್-1200ರಲ್ಲಿ ಈ ದೂರ 215 ಮಿ.ಮೀ.; ತಿರುಗಣೆಯಿಂದ ಮುಳ್ಳಿನವರೆಗಿನ ಉದ್ದ 230 ಮಿ.ಮೀ.; ಆದುದರಿಂದ ಓವರ್‌ಹ್ಯಾಂಗ್ 15 ಮಿ.ಮೀ. ಇಂಗ್ಲೆಂಡಿನ ರೇಗಾ ಸಂಸ್ಥೆಯು 1983ರಲ್ಲಿ ಹೊರತಂದ ಆರ್‌ಬಿ-300 ತೋಳಿಗೆ ಈ ದೂರ 222 ಮಿ.ಮೀ.; ಸ್ಕಾಟ್ಲೆಂಡಿನ ಲಿನ್ ತೋಳುಗಳಿಗೆ 211 ಮಿ.ಮೀ. ಯಾವ ತೋಳು ಎಂಬುದನ್ನು ಗ್ರಾಹಕರಿಂದ ಲಿಖಿತವಾಗಿ ಪಡೆಯದೆ ಡ್ರಿಲ್ಲಿಗೆ ಕೈಹಚ್ಚುವುದು ಸಲ್ಲದು.

ಸ್ಪಿಂಡಲಿನ ಅಂಚಿನಿಂದ ಅಳೆಯುವುದು ಸುಲಭವಾಗಿ ಆಗಿಬಿಡುವ ತಪ್ಪು. ಸ್ಪಿಂಡಲಿನ ದಪ್ಪ ಸುಮಾರು 7 ಮಿ.ಮೀ. ಇರುವುದರಿಂದ ರಂಧ್ರವು ಮೂರೂವರೆ ಮಿ.ಮೀ. ಆಚೀಚೆ ಆಗುತ್ತದೆ. ಹೆಡ್‌ಶೆಲ್‌ನ ಸೀಳಿನಲ್ಲಿ ಕಾರ್ಟ್ರಿಜನ್ನು ಹಿಂದೆ ಮುಂದೆ ಸರಿಸಿ ಒಂದೆರಡು ಮಿ.ಮೀ. ಸರಿದೂಗಿಸಬಹುದು, ಅದಕ್ಕಿಂತ ಹೆಚ್ಚಾದರೆ ಕಷ್ಟ. ಸ್ಪಿಂಡಲಿಗೆ ಬಿಗಿಯಾಗಿ ಕೂರುವ ರಂಧ್ರವನ್ನೂ ತಿರುಗಣೆಯ ಗುರುತನ್ನೂ ಹೊಂದಿದ ಲೋಹದ ಜಿಗ್ ಒಂದನ್ನು ಮಾಡಿಸಿಕೊಳ್ಳುವುದು ಕ್ಷೇಮ.

ದೂರ ನಿಗದಿಯಾದರೂ ಸ್ಥಳ ನಿಗದಿಯಾಗುವುದಿಲ್ಲ. ಸ್ಪಿಂಡಲನ್ನು ಕೇಂದ್ರವಾಗಿಸಿ ಆ ದೂರದಲ್ಲಿ ಎಳೆದ ವೃತ್ತದ ಯಾವ ಬಿಂದುವಾದರೂ ಗಣಿತಕ್ಕೆ ಸರಿಯೇ. ಆದರೆ ತೋಳು ತಟ್ಟೆಯ ಕೊನೆಯವರೆಗೆ ಚಲಿಸುವಾಗ ಹಿಂಬದಿಯ ತೂಕದ ಗುಂಡು ಪೀಠದ ಅಂಚಿಗಾಗಲಿ, ಮುಚ್ಚಳಕ್ಕಾಗಲಿ ತಗುಲಬಾರದು. ಇದನ್ನು ರಟ್ಟಿನ ಮಾದರಿಯಿಂದ ಮೊದಲೇ ಪರೀಕ್ಷಿಸಬೇಕು. ತೋಳು ಕೂರುವ ಮೇಲ್ಮೈಯು ತಟ್ಟೆಯ ಮೇಲ್ಮೈಗೆ ಸಮಾನಾಂತರವಾಗಿರಬೇಕು. ಮುಳ್ಳು ಜಾಡಿನಲ್ಲಿರುವಾಗ ತೋಳೂ ತಟ್ಟೆಗೆ ಸಮಾನಾಂತರವಾಗಿರುವಷ್ಟು ಎತ್ತರ ಬೇಕು.

ಪ್ರತ್ಯೇಕ ಹಲಗೆಯ ಲಾಭ

ರಂಧ್ರವನ್ನು ಪೀಠದಲ್ಲೇ ಕೊರೆಯುವ ಬದಲು, ಬಿಚ್ಚಿ ತೆಗೆಯಬಹುದಾದ ಸಣ್ಣ ಹಲಗೆಯಲ್ಲಿ (ಆರ್ಮ್‌ಬೋರ್ಡ್) ಕೊರೆಯುವ ಪದ್ಧತಿ ಹಳೆಯದು. ಇದರ ಆರ್ಥಿಕ ತರ್ಕ ಸರಳ. ಒಂದು ಪೀಠದ ತಯಾರಿಕಾ ವೆಚ್ಚ 6,000 ರೂ., ಹಲಗೆಯ ವೆಚ್ಚ 400 ರೂ. ಎಂದಿಟ್ಟುಕೊಳ್ಳೋಣ. ಜಿಗ್‌ನ ತಪ್ಪಿನಿಂದ 25 ಪೀಠಗಳು ಕೆಟ್ಟರೆ ನಷ್ಟ 1,50,000 ರೂ.; ಹಲಗೆಗಳು ಮಾತ್ರ ಕೆಟ್ಟರೆ 10,000 ರೂ. ಇಂತಹ ನಷ್ಟವು ಅಸಾಮಾನ್ಯ ನಷ್ಟವೆನಿಸುವುದರಿಂದ ಅದನ್ನು ಉಳಿದ ಸರಕಿನ ವೆಚ್ಚಕ್ಕೆ ಸೇರಿಸದೆ ನೇರವಾಗಿ ಲಾಭ-ನಷ್ಟ ಖಾತೆಗೆ ಹಾಕಬೇಕಾಗುತ್ತದೆ. ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆಯ ಜಮೆಗೆ 2017ರ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)ನೇ ಕಲಮಿನಲ್ಲಿ ನಿರ್ಬಂಧವಿರುವುದನ್ನೂ ಮರೆಯಬಾರದು. ಮುಂದೆ ಗ್ರಾಹಕನು ಬೇರೆ ತೋಳನ್ನು ಕೊಂಡಲ್ಲಿ ಹೊಸ ಹಲಗೆಯೊಂದನ್ನು ಮಾತ್ರ ಮಾರಿದರೆ ಸಾಕು. ಅದು ಮರುವ್ಯಾಪಾರವೂ ಹೌದು.

ಆದ್ದರಿಂದ ತೋಳಿನ ಮಾದರಿಯ ಲಿಖಿತ ದೃಢೀಕರಣ, ಮಧ್ಯಬಿಂದುಗಳ ನಡುವಿನ ಅಳತೆ, ರಟ್ಟಿನ ಮಾದರಿಯ ಪರೀಕ್ಷೆ, ಮೊದಲ ಒಂದು ಹಲಗೆಯ ಮೇಲೆ ತೋಳನ್ನು ಕೂರಿಸಿ ನೋಡುವುದು, ಅನಂತರವೇ ಉಳಿದವನ್ನು ಕೊರೆಯುವುದು, ಈ ಕ್ರಮವನ್ನು ಪಾಲಿಸುವುದು ಒಳಿತು. ಅಳತೆಗೆ ವ್ಯಯಿಸುವ ಅರ್ಧ ದಿನದ ಕೂಲಿಯು ಈ ಉದ್ಯಮದಲ್ಲಿ ಅತಿ ಅಗ್ಗದ ವಿಮೆಯೆನ್ನಬಹುದು.